ಚಟ್ಟಿ ಮತ್ತು ಮೋಟಾರು: ಗಢವಾಲದ ಯಾತ್ರಾಮಾರ್ಗದ ಇತಿಹಾಸ

ಗಢವಾಲದ ಹಿಮಾಲಯದಲ್ಲಿ ಈಗ ಮೋಟಾರಿನಲ್ಲಿ ಸಂಚರಿಸುವವರು ಹರಿದ್ವಾರವನ್ನು ಬಿಟ್ಟು ಹತ್ತು ಹನ್ನೆರಡು ದಿನಗಳೊಳಗಾಗಿ ಮಸ್ಸೂರಿಯ ಪೇಟೆಯನ್ನು ಸುತ್ತಿ, ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿಗಳ ದರ್ಶನವನ್ನು ಮುಗಿಸಿ, ಔಲಿಯ ಹುಲ್ಲುಗಾವಲನ್ನೂ ಕಂಡು ಹಿಂದಿರುಗುತ್ತಾರೆ. ಅವರ ಕೈಯಲ್ಲಿರುವ ನಕ್ಷೆಯಲ್ಲಿ ದೇವಾಲಯವೂ ಗಿರಿಧಾಮವೂ ಒಂದೇ ಗೆರೆಯ ಮೇಲಿನ ಬಿಂದುಗಳು. ಆದರೆ ನೂರು ವರ್ಷಗಳ ಹಿಂದೆ ಇವು ಎರಡು ಬೇರೆ ನಕ್ಷೆಗಳಾಗಿದ್ದವು. ಒಂದನ್ನು ರಚಿಸಿದವರು ಯಾತ್ರಿಕರು. ಮತ್ತೊಂದನ್ನು ರಚಿಸಿದವರು ಕುಂಪಣಿ ಸರಕಾರದ ಸೈನ್ಯಾಧಿಕಾರಿಗಳು. ಇವೆರಡೂ ಒಂದಾದುದು ಹೇಗೆ, ಒಂದಾದುದರಿಂದ ಪರ್ವತಕ್ಕೂ ಯಾತ್ರಿಕನಿಗೂ ಉಂಟಾದ ಲಾಭನಷ್ಟಗಳಾವುವು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ನಕ್ಷೆ ನದಿಯನ್ನು ಅನುಸರಿಸಿದುದು. ದೇವಪ್ರಯಾಗದಲ್ಲಿ ಭಾಗೀರಥಿ, ರುದ್ರಪ್ರಯಾಗದಲ್ಲಿ ಮಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡರ, ನಂದಪ್ರಯಾಗದಲ್ಲಿ ನಂದಾಕಿನಿ, ವಿಷ್ಣುಪ್ರಯಾಗದಲ್ಲಿ ಧೌಲಿಗಂಗೆ, ಹೀಗೆ ಅಲಕನಂದೆಗೆ ಬಂದು ಸೇರುವ ಒಂದೊಂದು ಹೊಳೆಯ ಸಂಗಮವೂ ಒಂದೊಂದು ತೀರ್ಥ. ಋಷಿಕೇಶದಿಂದ ಬದರಿಗೆ ಕಾಲುದಾರಿಯಲ್ಲಿ ಸುಮಾರು ೧೭೦ ಮೈಲಿ. ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವ ಯಾತ್ರಿಕನಿಗೆ ಕೇದಾರ, ಬದರಿಗಳೆರಡನ್ನೂ ಕಂಡು ಮರಳುವುದಕ್ಕೆ ಒಂದು ತಿಂಗಳಿಗೆ ಕಡಿಮೆಯಿಲ್ಲದ ಕಾಲ ಬೇಕಾಗುತ್ತಿತ್ತು. ನಡೆಯಲಾರದವರನ್ನು ಬೆನ್ನಿನ ಬುಟ್ಟಿಯಾದ ಕಂಡಿಯಲ್ಲಿಯೋ ನಾಲ್ವರು ಹೊರುವ ಡಾಂಡಿಯಲ್ಲಿಯೋ ಕೂರಿಸಿಕೊಂಡು ಹೋಗುತ್ತಿದ್ದರು.

ಕನ್ನಡಿಗರಿಗೆ ಈ ದಾರಿ ಪರಕೀಯವಾದುದಲ್ಲ. ಬದರಿಯ ರಾವಲರು ಕೇರಳದ ನಂಬೂದಿರಿಗಳಾದರೆ, ಕೇದಾರದ ರಾವಲರು ದಕ್ಷಿಣದ ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಕರ್ನಾಟಕ ಮತ್ತು ಅದರ ನೆರೆಯ ಸೀಮೆಗಳಿಂದ ಹೋದವರು. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊಖೀಮಠವು ವೀರಶೈವರ ಪಂಚಪೀಠಗಳಲ್ಲಿ ಒಂದು. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿಗಳ ಜೊತೆಯಲ್ಲಿ ಎಣಿಸತಕ್ಕದ್ದು. ಪ್ರತಿ ವರ್ಷವೂ ಕೇದಾರದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ಗೊತ್ತುಮಾಡಿ ಸಾರುತ್ತಾರೆ. ಅಲ್ಲದೆ, ಅಷ್ಟು ದೂರ ಹೋಗಲಾರದ ನಮ್ಮ ಪೂರ್ವಿಕರು ಕೇದಾರನನ್ನು ತಮ್ಮ ನಾಡಿಗೇ ಬರಮಾಡಿಕೊಂಡಿದ್ದರು. ಬಳ್ಳಿಗಾವೆಯ ಕೇದಾರೇಶ್ವರನಿಗೆ ಶಾಸನಗಳಲ್ಲಿ ದಕ್ಷಿಣಕೇದಾರವೆಂಬ ಹೆಸರುಂಟು. ಅಲ್ಲಿನ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗವನ್ನು ಹೇಳುವುದರೊಡನೆ, ದೀನರಿಗೂ ಅಂಗವಿಕಲರಿಗೂ ಅನ್ನ ದೊರೆಯುತ್ತಿದ್ದುದನ್ನೂ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿದ್ದುದನ್ನೂ ಹೇಳುತ್ತದೆ. ದೇವಸ್ಥಾನಕ್ಕೆ ಬರುವ ಮನುಷ್ಯನ ದೇಹವನ್ನು ಕಾಪಾಡುವುದೂ ದೇವಸ್ಥಾನದ ಧರ್ಮವೆಂಬ ಈ ಭಾವನೆಯನ್ನು ನೆನಪಿನಲ್ಲಿಟ್ಟುಕೊಂಡು ಉತ್ತರದ ಕೇದಾರದ ದಾರಿಯನ್ನು ನೋಡಬೇಕು.

ಆ ದಾರಿಯ ಜೀವನಾಡಿಯಾಗಿದ್ದುದು ಚಟ್ಟಿ. ಕೆಲವು ಮೈಲಿಗಳಿಗೊಂದರಂತೆ ದಾರಿಯ ಬದಿಯಲ್ಲಿ ಕಟ್ಟಿದ ಹುಲ್ಲುಮಾಡಿನ ತಂಗುದಾಣಕ್ಕೆ ಈ ಹೆಸರು. ಚಟ್ಟಿಯವನು ತಂಗುವುದಕ್ಕೆ ಬಾಡಿಗೆಯನ್ನು ಕೇಳುತ್ತಿರಲಿಲ್ಲ. ಅವನಲ್ಲಿ ಹಿಟ್ಟು, ಅಕ್ಕಿ, ಬೇಳೆ, ತುಪ್ಪಗಳನ್ನು ಕೊಂಡವರಿಗೆ ಅಡಿಗೆಯ ಪಾತ್ರೆಗಳನ್ನೂ ಮಲಗಲು ಸ್ಥಳವನ್ನೂ ಕೊಡುತ್ತಿದ್ದನು. ಬಾಡಿಗೆಯು ಸಾಮಾನಿನ ಬೆಲೆಯಲ್ಲಿಯೇ ಅಡಗಿರುತ್ತಿತ್ತು. ಇದರ ಜೊತೆಗೆ ಸದಾವರ್ತದ ವ್ಯವಸ್ಥೆ. ಯಾತ್ರಿಕರ ಅನ್ನದಾನಕ್ಕಾಗಿ ಕೆಲವು ಗ್ರಾಮಗಳ ಕಂದಾಯವನ್ನು ಮೀಸಲಿಟ್ಟಿದ್ದರು. ೧೮೧೬ರಿಂದ ೧೮೩೫ರವರೆಗೆ ಕುಮಾವೂಂ ಕಮಿಷನರನಾಗಿದ್ದ ಟ್ರೇಲನು ಈ ಸದಾವರ್ತದ ಹಣದಿಂದಲೇ ಯಾತ್ರೆಯ ದಾರಿಯನ್ನು ಸರಿಪಡಿಸಲು ತೊಡಗಿದನು. ಮುಂದೆ ಅದೇ ನಿಧಿಯಿಂದ ದಾರಿಯುದ್ದಕ್ಕೂ ಔಷಧಾಲಯಗಳು ನಡೆದವು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಲೀ ಕಮಲೀವಾಲಾ ಎಂದು ಹೆಸರಾದ ಸ್ವಾಮಿ ವಿಶುದ್ಧಾನಂದರ ಸಂಸ್ಥೆಯು ಧರ್ಮಶಾಲೆಗಳನ್ನು ಕಟ್ಟಿಸಿತು.

ಚಟ್ಟಿಯ ಬದುಕು ಸುಖಮಯವಾಗಿತ್ತೆಂದು ಭಾವಿಸಲಾಗದು. ಕಾಲರಾ ರೋಗವು ಯಾತ್ರಿಕರೊಡನೆ ಚಟ್ಟಿಯಿಂದ ಚಟ್ಟಿಗೆ ಏರಿ ಹಳ್ಳಿಗಳನ್ನು ಹೊಕ್ಕುತ್ತಿತ್ತು. ೧೯೧೮ರಿಂದ ೧೯೨೬ರವರೆಗೆ ಇದೇ ಮಾರ್ಗದಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯು ಲೆಕ್ಕಕ್ಕೆ ಸಿಕ್ಕಂತೆ ೧೨೫ ಜನರನ್ನು ಕೊಂದಿತು. ಬಾಗಿಲಿಲ್ಲದ ಚಟ್ಟಿಗಳಲ್ಲಿ ಮಲಗಿದ ಯಾತ್ರಿಕರ ಭಯವನ್ನು, ಆ ಚಿರತೆಯನ್ನು ೧೯೨೬ರ ಮೇ ತಿಂಗಳಲ್ಲಿ ಹೊಡೆದ ಜಿಮ್ ಕಾರ್ಬೆಟ್ಟರು ತಮ್ಮ ಗ್ರಂಥದಲ್ಲಿ ಚಿತ್ರಿಸಿದ್ದಾರೆ. ಆದರೂ ಒಂದು ಮಾತನ್ನು ಒಪ್ಪಬೇಕು. ಯಾತ್ರಿಕನ ಹಣವು ಋಷಿಕೇಶದಿಂದ ಬದರಿಯವರೆಗೆ ಕೆಲವು ಮೈಲಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಚೆಲ್ಲುತ್ತ ಹೋಗುತ್ತಿತ್ತು. ಇಡೀ ಕಣಿವೆಯ ಹಳ್ಳಿಗಳು ಆ ಆದಾಯದಲ್ಲಿ ಪಾಲು ಪಡೆಯುತ್ತಿದ್ದವು.

ಎರಡನೆಯ ನಕ್ಷೆಯ ಚರಿತ್ರೆ ೧೮೧೫ರಲ್ಲಿ ಗೂರ್ಖರ ಪರಾಜಯದೊಡನೆ ಆರಂಭವಾಗುತ್ತದೆ. ಗಢವಾಲದ ಪೂರ್ವಭಾಗವು ಕುಂಪಣಿಗೆ ಸೇರಿತು. ಪಶ್ಚಿಮಭಾಗವು ಸುದರ್ಶನ ಶಾಹನಿಗೆ ಮರಳಿ ಟಿಹರಿ ಸಂಸ್ಥಾನವಾಯಿತು. ಕ್ಯಾಪ್ಟನ್ ಯಂಗ್ ೧೮೨೦ರ ದಶಕದಲ್ಲಿ ಮಸ್ಸೂರಿಯಲ್ಲಿ ಬೇಟೆಯ ಮನೆಯನ್ನು ಕಟ್ಟಿಸಿದನು. ೧೮೨೭ರಲ್ಲಿ ಪಕ್ಕದ ಲಂಢೌರಿನಲ್ಲಿ ರೋಗಿಗಳಾದ ಬಿಳಿಯ ಸೈನಿಕರ ಆರೋಗ್ಯಧಾಮ ಸ್ಥಾಪಿತವಾಯಿತು. ೧೮೩೦ರ ದಶಕದಲ್ಲಿ ಭೂಮಾಪನದ ಮುಖ್ಯಾಧಿಕಾರಿಯಾದ ಜಾರ್ಜ್ ಎವರೆಸ್ಟನು ಅಲ್ಲಿಯೇ ಮನೆಮಾಡಿದನು. ೧೮೪೧ರಲ್ಲಿ ಬ್ಯಾರನ್ ಎಂಬ ಸಕ್ಕರೆಯ ವ್ಯಾಪಾರಿಯು ನೈನಿತಾಲದ ಸರೋವರವನ್ನು ಕಂಡು ಅದರ ಕೀರ್ತಿಯನ್ನು ಹರಡಿದನು. ೧೮೮೭ರಲ್ಲಿ ಲ್ಯಾನ್ಸ್‌ಡೌನ್ ದಂಡಿನ ಊರಾಯಿತು. ತೀರ್ಥಕ್ಷೇತ್ರಗಳು ನೀರನ್ನು ಹುಡುಕಿಕೊಂಡು ಕಣಿವೆಯಲ್ಲಿ ನೆಲೆಸಿದರೆ, ಈ ಊರುಗಳಲ್ಲಿ ಹೆಚ್ಚಿನವು ಗಾಳಿಯನ್ನು ಹುಡುಕಿಕೊಂಡು ಬೆಟ್ಟದ ನೆತ್ತಿಯನ್ನೇರಿದವು. ೧೮೮೪ರಲ್ಲಿ ಕಾಠಗೋದಾಮಿಗೂ ೧೯೦೦ರಲ್ಲಿ ಡೆಹರಾಡೂನಿಗೂ ರೈಲು ಬಂದಿತು. ಆ ರೈಲಿನಿಂದ ಇಳಿದವರು ಮಾಲ್ ರಸ್ತೆಯವರೆಗೆ ಹೋಗಿ ಅಲ್ಲಿಯೇ ನಿಲ್ಲುತ್ತಿದ್ದರು. ಕೇದಾರದ ಯಾತ್ರಿಕರಿಗೂ ಅವರಿಗೂ ಭೇಟಿಯ ಸಂದರ್ಭವೇ ವಿರಳ.

ಈ ಎರಡು ಜಗತ್ತುಗಳು ಒಂದೇ ದಂಡೆಯ ಮೇಲೆ ಸಂಧಿಸಿದ ಊರು ನೈನಿತಾಲ. ಅಲ್ಲಿನ ಸರೋವರವು ಮೊದಲೇ ತೀರ್ಥ. ದಂಡೆಯ ಮೇಲೆ ನೈನಾದೇವಿಯ ಗುಡಿ. ೧೮೮೦ರ ಸೆಪ್ಟೆಂಬರ್ ೧೮ರಂದು, ಎಡೆಬಿಡದ ಮಳೆಯ ಬಳಿಕ, ಉತ್ತರದ ಬೆಟ್ಟದ ಪಕ್ಕವು ಕುಸಿದು ಬಂಗಲೆಗಳನ್ನೂ ಗುಡಿಯನ್ನೂ ಒಟ್ಟಿಗೆ ಸೆಳೆದುಕೊಂಡು ಹೋಯಿತು. ಸತ್ತವರು ೧೫೧ ಮಂದಿ. ಗುಡಿಯನ್ನು ಸಮೀಪದಲ್ಲಿಯೇ ಮತ್ತೆ ಕಟ್ಟಿದರು. ಸರಕಾರವು ಬೆಟ್ಟದ ಇಳಿಜಾರಿನುದ್ದಕ್ಕೂ ಮಳೆಯ ನೀರನ್ನು ಸೆಳೆದು ಸರೋವರಕ್ಕೆ ಬಿಡುವ ಕಾಲುವೆಗಳ ಜಾಲವನ್ನು ನಿರ್ಮಿಸಿ, ಇಳಿಜಾರಿನಲ್ಲಿ ಮನೆ ಕಟ್ಟುವುದಕ್ಕೆ ನಿರ್ಬಂಧಗಳನ್ನು ವಿಧಿಸಿತು. ಹಿಮಾಲಯದಲ್ಲಿ ಊರು ಕಟ್ಟುವವನು ಮೊದಲು ನೀರಿಗೆ ದಾರಿ ಬಿಡಬೇಕೆಂಬ ಪಾಠವು ಈ ದೇಶದಲ್ಲಿ ಸರಕಾರೀ ಕಡತಗಳಿಗೆ ಸೇರಿದುದು ಹೀಗೆ.

ಇದಕ್ಕಿಂತಲೂ ದೊಡ್ಡ ಪಾಠ ೧೮೯೪ರದು. ಹಿಂದಿನ ವರ್ಷ ಅಲಕನಂದೆಯ ಉಪನದಿಯಾದ ಬಿರಹಿಗಂಗೆಗೆ ಗೋಹನಾ ಎಂಬಲ್ಲಿ ಬೆಟ್ಟ ಕುಸಿದು ಅಡ್ಡಲಾಗಿ, ದೊಡ್ಡ ಸರೋವರವೊಂದು ತುಂಬಿತು. ಕಟ್ಟೆ ಒಡೆಯುವುದು ನಿಶ್ಚಯವೆಂದು ತಿಳಿದ ಎಂಜಿನಿಯರುಗಳು ಅದು ಎಂದು ಒಡೆದೀತೆಂಬುದನ್ನು ಮೊದಲೇ ಗಣಿಸಿದರು. ಕಣಿವೆಯುದ್ದಕ್ಕೂ ತಂತಿಯನ್ನು ಎಳೆದರು. ಜನರನ್ನು ಎತ್ತರಕ್ಕೆ ಸಾಗಿಸಿದರು. ಆಗಸ್ಟ್ ತಿಂಗಳಲ್ಲಿ ಕಟ್ಟೆ ಒಡೆದಾಗ ಶ್ರೀನಗರದ ಹಳೆಯ ಪಟ್ಟಣವು ಕೊಚ್ಚಿಹೋಯಿತು. ಆದರೆ ಎಚ್ಚರಿಕೆಯನ್ನು ಮೀರಿ ಉಳಿದ ಒಬ್ಬ ಫಕೀರನ ಕುಟುಂಬದ ಹೊರತು ಪ್ರಾಣಹಾನಿಯಾಗಲಿಲ್ಲ.

ಇನ್ನು ಮೋಟಾರಿನ ಕಾಲ. ೧೯೨೪ರ ಪ್ರವಾಹದಲ್ಲಿ ಹೋದ ಲಕ್ಷ್ಮಣಝೂಲಾದ ಸ್ಥಾನದಲ್ಲಿ ಹೊಸ ತೂಗುಸೇತುವೆ ೧೯೩೦ರಲ್ಲಿ ತೆರೆಯಿತು. ಸ್ವಾತಂತ್ರ್ಯಕ್ಕೆ ಮುಂಚೆಯೇ ಮೋಟಾರು ರಸ್ತೆಯು ದೇವಪ್ರಯಾಗವನ್ನು ಮುಟ್ಟಿತ್ತು. ಆದರೆ ಅದು ಪರ್ವತದ ಒಳನಾಡನ್ನು ಹೊಕ್ಕುದಕ್ಕೆ ಯಾತ್ರೆಗಿಂತ ಬಲವಾದ ಕಾರಣವೊಂದಿತ್ತು. ೧೯೫೦ರಲ್ಲಿ ಚೀನದ ಸೈನ್ಯವು ಟಿಬೆಟ್ಟನ್ನು ಹೊಕ್ಕಿತು. ೧೯೬೦ರ ಫೆಬ್ರವರಿಯಲ್ಲಿ ಚಮೋಲಿ, ಉತ್ತರಕಾಶಿ, ಪಿಥೋರಾಗಢಗಳೆಂಬ ಗಡಿ ಜಿಲ್ಲೆಗಳು ರಚಿತವಾದವು. ಅದೇ ವರ್ಷ ಮೇ ತಿಂಗಳಲ್ಲಿ ಗಡಿ ರಸ್ತೆಗಳ ಸಂಸ್ಥೆ ಹುಟ್ಟಿತು. ೧೯೬೨ರ ಯುದ್ಧದಿಂದ ಮಾಣಾ, ನೀತಿ ಕಣಿವೆಗಳ ಟಿಬೆಟ್ ವ್ಯಾಪಾರ ನಿಂತುಹೋಯಿತು. ರಸ್ತೆಯ ಕೆಲಸ ಮಾತ್ರ ವೇಗವಾಯಿತು. ಮೊದಲು ಜೋಶಿಮಠಕ್ಕೂ, ಆ ದಶಕ ಮುಗಿಯುವ ವೇಳೆಗೆ ಬದರಿಗೂ ಮೋಟಾರು ತಲಪಿತು. ಸೈನಿಕನಿಗಾಗಿ ಮಾಡಿದ ರಸ್ತೆಯಲ್ಲಿ ಯಾತ್ರಿಕನು ನಡೆದನು. ಅವನ ಹಿಂದೆಯೇ ಗಿರಿಧಾಮದ ಪ್ರವಾಸಿಯೂ ಬಂದನು. ಎರಡು ನಕ್ಷೆಗಳು ಒಂದಾದುದು ಹೀಗೆ.

ಈ ರಸ್ತೆಯಿಂದಾದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಬಾಣಂತಿಯನ್ನೂ ರೋಗಿಯನ್ನೂ ಆಸ್ಪತ್ರೆಗೆ ಸಾಗಿಸಿದ್ದು, ಬೆಟ್ಟದ ಹಣ್ಣು ಆಲೂಗಡ್ಡೆಗಳನ್ನು ಬಯಲಿನ ಮಾರುಕಟ್ಟೆಗೆ ಇಳಿಸಿದ್ದು, ಹಳ್ಳಿಯ ಹುಡುಗಿಯನ್ನು ಕಾಲೇಜಿಗೆ ಕಳುಹಿಸಿದ್ದು ಈ ರಸ್ತೆಯೇ. ಹಿಂದೆ ಕಂಡಿ ಡಾಂಡಿಗಳ ಕೂಲಿಯನ್ನು ತೆರಲಾರದ ಬಡ ಮುದುಕಿಗೆ ಬದರಿಯ ದರ್ಶನ ದೊರೆತುದು ಬಸ್ಸಿನಿಂದ. ಕಾಲುದಾರಿಯನ್ನು ಹೊಗಳುವ ಭರದಲ್ಲಿ ಅವಳನ್ನು ಮತ್ತೆ ಮನೆಯಲ್ಲಿ ಕೂರಿಸಲು ಯಾರೂ ಬಯಸಲಾರರು.

ಆದರೆ ರಸ್ತೆಯೊಡನೆ ಚಟ್ಟಿ ಅಳಿಯಿತು. ಚಟ್ಟಿ ಮಾಡುತ್ತಿದ್ದ ಮೂರು ಕೆಲಸಗಳು ಅದರೊಡನೆಯೇ ಅಳಿದುದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಮೊದಲನೆಯದು, ಹಣದ ಹಂಚಿಕೆ. ಮೋಟಾರು ನಿಲ್ಲುವ ಕೆಲವೇ ಪೇಟೆಗಳಲ್ಲಿ ಆದಾಯವು ಗುಂಪುಗೂಡಿತು; ನಡುವಿನ ಹಳ್ಳಿಗಳಿಗೆ ಉಳಿದುದು ಧೂಳು. ಊರಿನಿಂದ ಹೊರಗೆ ದುಡಿಯುವವರು ಕಳುಹಿಸುವ ಹಣದ ಮೇಲೆ ನಿಂತ ಈ ಬೆಟ್ಟಗಳ ಬಾಳುವೆಗೆ ಮನಿಯಾರ್ಡರಿನ ಅರ್ಥವ್ಯವಸ್ಥೆಯೆಂಬ ಹೆಸರೇ ಬಂದಿತು. ೨೦೦೧ರಿಂದ ೨೦೧೧ರ ಅವಧಿಯಲ್ಲಿ ಪೌಡಿ ಮತ್ತು ಅಲ್ಮೋಡಾ ಜಿಲ್ಲೆಗಳ ಜನಸಂಖ್ಯೆಯು ಇಳಿದುದನ್ನು ಜನಗಣತಿಯು ದಾಖಲೆಮಾಡಿದೆ. ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟುಬಂದ ನಮ್ಮಂಥವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಎರಡನೆಯದು, ದೇಹದ ರಕ್ಷಣೆ. ಋಷಿಕೇಶವು ಸಮುದ್ರಮಟ್ಟದಿಂದ ೪೦೦ ಮೀಟರಿಗೂ ಕಡಿಮೆ. ಕೇದಾರವು ಸುಮಾರು ೩,೫೮೦ ಮೀಟರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಎರಡು ವಾರ ನಡೆದು ಏರುತ್ತಿದ್ದವನಿಗೆ ಚಟ್ಟಿಯ ಒಂದೊಂದು ರಾತ್ರಿಯೂ ಆ ಅಭ್ಯಾಸವನ್ನು ಕಲಿಸುತ್ತಿತ್ತು. ಎರಡು ದಿನಗಳಲ್ಲಿ ಬಯಲಿನಿಂದ ಏರಿದ ವೃದ್ಧರ ಹೃದಯಕ್ಕೆ ಆ ಅವಕಾಶವಿಲ್ಲ. ಋತುವಿನಿಂದ ಋತುವಿಗೆ ಯಾತ್ರಾಮಾರ್ಗದಲ್ಲಿ ಸಂಭವಿಸುವ ಹೃದಯಾಘಾತದ ಮರಣಗಳಿಗೆ ಇದೊಂದು ಮುಖ್ಯ ಕಾರಣ.

ಮೂರನೆಯದು, ಜನಸಂದಣಿಯ ನಿಯಂತ್ರಣ. ಕಾಲುದಾರಿಯಲ್ಲಿ ಯಾತ್ರಿಕರು ನೂರಾರು ಮೈಲಿಗಳಲ್ಲಿ ಹರಡಿಕೊಂಡಿರುತ್ತಿದ್ದರು. ಮೋಟಾರು ಅವರನ್ನು ನದಿಯ ಅಂಚಿನ ಕೆಲವೇ ಸ್ಥಳಗಳಲ್ಲಿ ಒಂದೇ ರಾತ್ರಿ ಗುಂಪುಹಾಕಿತು. ಪ್ರಾಚೀನ ಗ್ರಾಮಗಳು ಸಾಮಾನ್ಯವಾಗಿ ಇಳಿಜಾರಿನ ಎತ್ತರದಲ್ಲಿದ್ದವು. ಹೊಸ ಪೇಟೆಗಳು ರಸ್ತೆಯನ್ನು ಹಿಂಬಾಲಿಸಿ ನೀರಿನ ಬಳಿಗೆ ಇಳಿದವು. ೧೯೭೦ರ ಜುಲೈಯಲ್ಲಿ ಅಲಕನಂದೆ ಉಕ್ಕಿದಾಗ ಬೇಲಾಕೂಚಿಯೆಂಬ ಊರೂ ಅಲ್ಲಿದ್ದ ಬಸ್ಸುಗಳೂ ಕೊಚ್ಚಿಹೋದವು. ಗೋಹನಾ ಸರೋವರದ ಉಳಿಕೆಯೂ ಅಂದೇ ಬರಿದಾಯಿತು. ಮರ ಕಡಿದ ಇಳಿಜಾರಿಗೂ ಪ್ರವಾಹಕ್ಕೂ ಇರುವ ಸಂಬಂಧವನ್ನು ಕಂಡುಕೊಂಡ ಚಮೋಲಿಯ ಜನರು ೧೯೭೩ರಲ್ಲಿ ಚಿಪ್ಕೋ ಚಳವಳಿಯನ್ನು ಆರಂಭಿಸಿದರು. ಜೋಶಿಮಠವು ಹಳೆಯ ಭೂಕುಸಿತದ ಮಣ್ಣುಕಲ್ಲುಗಳ ಮೇಲೆ ನಿಂತಿದೆ, ಭಾರಿ ಕಟ್ಟಡಗಳು ಸಲ್ಲವೆಂದು ಮಿಶ್ರಾ ಸಮಿತಿಯು ೧೯೭೬ರಲ್ಲಿಯೇ ತಿಳಿಸಿತ್ತು. ೨೦೨೩ರ ಜನವರಿಯಲ್ಲಿ ಆ ಊರಿನ ನೂರಾರು ಮನೆಗಳು ಬಿರುಕುಬಿಟ್ಟವು.

೨೦೧೩ರ ಜೂನ್ ೧೬, ೧೭ರಂದು ಕೇದಾರದ ಮೇಲಿನ ಚೋರಾಬಾರಿ ಸರೋವರ ಒಡೆದಾಗ, ದಾರಿಯ ನಡುವಿನ ರಾಮಬಾಡಾ ಎಂಬ ತಂಗುದಾಣವು ನಿರ್ನಾಮವಾಯಿತು. ಸಾವಿರಾರು ಜನ ಸತ್ತರು. ಪ್ರಾಚೀನ ದೇಗುಲವು ಮಾತ್ರ ಹಿಂಬದಿಯಲ್ಲಿ ಬಂದು ನಿಂತ ಹೆಬ್ಬಂಡೆಯ ಮರೆಯಲ್ಲಿ ಉಳಿಯಿತು. ೧೮೯೪ರಲ್ಲಿ ಒಂದು ತಂತಿಯ ಎಳೆಯಿಂದ ಸಾಧ್ಯವಾದ ಎಚ್ಚರಿಕೆಯು, ಆಕಾಶದಲ್ಲಿ ಉಪಗ್ರಹಗಳಿದ್ದ ೨೦೧೩ರಲ್ಲಿ ಸಾಧ್ಯವಾಗಲಿಲ್ಲ. ಗೋಹನಾದ ಕಟ್ಟೆ ಒಂದು ವರ್ಷದ ಅವಕಾಶವನ್ನು ಕೊಟ್ಟಿತ್ತು, ಚೋರಾಬಾರಿ ಕೊಡಲಿಲ್ಲ ಎಂಬುದು ನಿಜ. ಆದರೆ ಗೋಹನಾದಲ್ಲಿ ಪರ್ವತವನ್ನು ಕಾಯುವವರಿದ್ದರೆಂಬುದೂ ಅಷ್ಟೇ ನಿಜ.

ಆ ಬಳಿಕ ೨೦೧೬ರ ಡಿಸೆಂಬರಿನಲ್ಲಿ ನಾಲ್ಕು ಧಾಮಗಳ ರಸ್ತೆಯನ್ನು ಅಗಲಿಸುವ, ಸುಮಾರು ೮೮೯ ಕಿಲೋಮೀಟರುಗಳ ಯೋಜನೆಗೆ ಶಂಕುಸ್ಥಾಪನೆಯಾಯಿತು. ರಸ್ತೆಯ ಅಗಲವು ೫.೫ ಮೀಟರನ್ನು ಮೀರಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಹೇಳಿತು. ಗಡಿಯ ರಕ್ಷಣೆಯ ಅಗತ್ಯವನ್ನು ಮನ್ನಿಸಿ ೨೦೨೧ರ ಡಿಸೆಂಬರಿನಲ್ಲಿ ಹೆಚ್ಚಿನ ಅಗಲಕ್ಕೆ ಒಪ್ಪಿತು. ೨೦೨೩ರ ನವೆಂಬರಿನಲ್ಲಿ ಯಮುನೋತ್ರಿಯ ದಾರಿಯ ಸಿಲ್ಕ್ಯಾರಾ ಸುರಂಗವು ಕುಸಿದು ೪೧ ಕೂಲಿಕಾರರು ೧೭ ದಿನ ಒಳಗೆ ಸಿಕ್ಕಿಕೊಂಡು, ಕೊನೆಗೆ ಕೈಯಿಂದ ಬಿಲ ತೋಡುವವರ ಸಾಹಸದಿಂದ ಬದುಕಿಬಂದರು. ೨೦೨೫ರ ಮಾರ್ಚಿಯಲ್ಲಿ ಸೋನಪ್ರಯಾಗದಿಂದ ಕೇದಾರಕ್ಕೆ ೧೨.೯ ಕಿಲೋಮೀಟರಿನ ಹಗ್ಗದ ದಾರಿಗೆ ಕೇಂದ್ರ ಸರಕಾರವು ಅನುಮತಿಯಿತ್ತಿದೆ. ಅದರಲ್ಲಿ ೩೬ ನಿಮಿಷಗಳ ಪ್ರಯಾಣವೆಂದು ಅಂದಾಜು.

ವಾರಗಳಿಂದ ದಿನಗಳಿಗೆ, ದಿನಗಳಿಂದ ನಿಮಿಷಗಳಿಗೆ ಇಳಿದ ಈ ಚರಿತ್ರೆಯನ್ನು ಹಿಂದಕ್ಕೆ ತಿರುಗಿಸುವುದು ಯಾರಿಂದಲೂ ಆಗದು, ಆಗಬೇಕಾದುದೂ ಇಲ್ಲ. ಆದರೆ ಚಟ್ಟಿಯ ತತ್ತ್ವವನ್ನು ಮೋಟಾರಿನ ಕಾಲಕ್ಕೆ ಹೊಂದಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ೨೦೧೩ರ ಅನಂತರ ಯಾತ್ರಿಕರ ನೋಂದಣಿಯು ಆರಂಭವಾಗಿದೆ. ಆ ನೋಂದಣಿಯೊಡನೆ ನಡುದಾರಿಯ ಎತ್ತರದ ಊರುಗಳಲ್ಲಿ ಎರಡು ಮೂರು ರಾತ್ರಿಗಳ ತಂಗುವಿಕೆಯನ್ನೂ ಕಡ್ಡಾಯಗೊಳಿಸಿದರೆ ಹಳ್ಳಿಗೆ ಹಣವೂ ದೇಹಕ್ಕೆ ಅಭ್ಯಾಸವೂ ದಾರಿಗೆ ಬಿಡುವೂ ಏಕಕಾಲದಲ್ಲಿ ದೊರೆತಾವು. ಬಳ್ಳಿಗಾವೆಯ ದಕ್ಷಿಣಕೇದಾರದಲ್ಲಿ ಅನ್ನವೂ ಔಷಧವೂ ದೇವರ ಪೂಜೆಯೊಡನೆ ಸೇರಿದ್ದವು. ಉತ್ತರದ ಕೇದಾರಕ್ಕೆ ಮೋಟಾರಿನಲ್ಲಿ ಹೊರಡುವ ಕನ್ನಡಿಗರು, ಸರಕಾರದ ಕಟ್ಟಳೆಗಾಗಿ ಕಾಯದೆ, ದಾರಿಯ ಹಳ್ಳಿಗಳಲ್ಲಿ ಕೆಲವು ರಾತ್ರಿ ಉಳಿದು ಏರುವುದಾದರೆ ಆ ಹಳೆಯ ಧರ್ಮವನ್ನು ತಮ್ಮ ಮಟ್ಟಿಗೆ ನಡೆಸಿದಂತಾಗುತ್ತದೆ.