ಮೂರು ಚಕ್ರ, ನಾಲ್ಕು ಚಕ್ರ

"ನೀನು ಮೆಕ್ಯಾನಿಕಲ್ ಓದಿದೋನು ತಾನೆ? ಶನಿವಾರ ಬಾರೋ, ಒಂದು ಹಳೇ ಗಾಡಿ ನೋಡ್ಕೊಂಡು ಬರೋಣ" ಅಂತ ಹಾಸನದಣ್ಣ ಫೋನ್ ಮಾಡಿದರು. ಆಫೀಸಿನಲ್ಲಿ ನನಗಿಂತ ಹತ್ತು ವರ್ಷ ಸೀನಿಯರ್, ಇಲ್ಲಿನ ಕನ್ನಡದ ಹುಡುಗರೆಲ್ಲ ಅವರನ್ನು ಕರೆಯೋದು ಹಾಗೇ. ನಾನು ಮೆಕ್ಯಾನಿಕಲ್ ಓದಿದ್ದೇನೋ ನಿಜ. ಆದರೆ ಡಿಗ್ರಿ ಸಿಕ್ಕಿದಾಗಿನಿಂದ ಮಾಡುತ್ತಿರೋದು ಬೇರೆಯವರು ಬರೆದಿಟ್ಟು ಹೋದ ಜಾವಾ ಕೋಡನ್ನು ರಿಪೇರಿ ಮಾಡುವ ಕೆಲಸ. ಅದನ್ನೇ ಹೇಳಿದೆ. "ಹಳೇದನ್ನ ನೋಡಿ ಎಲ್ಲಿ ಕೆಟ್ಟಿದೆ ಅಂತ ಹೇಳೋದು ತಾನೆ, ಎರಡೂ ಒಂದೇ ಬಿಡು" ಅಂದರು. ಮುಂದೆ ಮಾತಾಡೋಕೆ ಉಳಿದಿದ್ದೇನು :)

ಅವರು ಮಿನ್ನೆಸೋಟದಲ್ಲಿ ಊರಾಚೆ ಎರಡು ಎಕರೆ ಜಾಗ ಇರುವ ಮನೆ ಕೊಂಡಿದ್ದಾರೆ. ರಸ್ತೆಯಿಂದ ಮನೆ ಬಾಗಿಲಿಗೆ ಉದ್ದದ ದಾರಿ. ಚಳಿಗಾಲದಲ್ಲಿ ಅಷ್ಟೂ ಉದ್ದ ಬಿದ್ದ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಅದಕ್ಕೇ ಮುಂದೆ ಹಲಗೆ ಕಟ್ಟಿ ಹಿಮ ತಳ್ಳಲು ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ಬೇಕಾಗಿತ್ತು. ಎಟಿವಿ ಅಂದರೆ ನಮ್ಮ ಕಡೆ ರೆಸಾರ್ಟುಗಳಲ್ಲಿ ದುಡ್ಡು ತಗೊಂಡು ಕೆಸರಲ್ಲಿ ನಾಲ್ಕು ಸುತ್ತು ಹೊಡೆಸ್ತಾರಲ್ಲ, ದಪ್ಪ ಟೈರಿನ ಬೈಕಿನಂಥದ್ದು, ಅದೇ. ನಮಗೆ ಅದು ಆಟದ ಸಾಮಾನು. ಇಲ್ಲಿ ಹಳ್ಳಿ ಕಡೆ ಅದು ಎತ್ತು ಇದ್ದ ಹಾಗೆ.

ಮಾರುತ್ತಿದ್ದವರು ಎಪ್ಪತ್ತು ದಾಟಿದ ರೈತರು. ಅವರ ಕೊಟ್ಟಿಗೆಯಲ್ಲಿ ಒಂದಲ್ಲ, ಎರಡು ಗಾಡಿ ನಿಂತಿದ್ದವು. ಒಂದು ನಾಲ್ಕು ಚಕ್ರದ ಹೋಂಡಾ ಫೋರ್‌ಟ್ರ್ಯಾಕ್ಸ್ 300. ಇನ್ನೊಂದು ಮೂರು ಚಕ್ರದ್ದು, ಕೆಂಪು ಬಣ್ಣ, ಬಿಗ್ ರೆಡ್ 250. ಎರಡನೆಯದರ ಬೆಲೆ ಮೊದಲನೆಯದರ ಮೂರನೇ ಒಂದು ಭಾಗ. ಜೊತೆಗೆ ಬಂದಿದ್ದ ಅಣ್ಣನ ಮಗ, ಹನ್ನೆರಡು ವರ್ಷದವನು, ಆಗಲೇ ಮೂರು ಚಕ್ರದ ಮೇಲೆ ಹತ್ತಿ ಕೂತಾಗಿತ್ತು. ಅಣ್ಣನ ಮುಖ ನೋಡಿದರೆ ಅವರಿಗೂ ಮನಸ್ಸು ಆ ಕಡೆಗೇ. "ಎರಡೂ ಹೋಂಡಾನೇ ಅಲ್ವೇನೋ?" ಅಂದರು.

ಆ ಪ್ರಶ್ನೆಗೆ ಉತ್ತರ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1967ರ ಸುಮಾರಿಗೆ ಅಮೆರಿಕದ ಹೋಂಡಾ ಡೀಲರುಗಳಿಗೆ ಒಂದು ಕಷ್ಟ ಇತ್ತು. ಚಳಿಗಾಲ ಬಂತೆಂದರೆ ಬೈಕ್ ಕೊಳ್ಳುವವರು ಇಲ್ಲ. ಆ ತಿಂಗಳುಗಳಲ್ಲಿ ಮಾರಲು ಏನಾದರೂ ಮಾಡಿಕೊಡಿ ಅಂತ ಜಪಾನಿಗೆ ಕೇಳಿದರು. ಕೆಲಸ ಒಸಾಮು ತಾಕೆಯುಚಿ ಎಂಬ ಎಂಜಿನಿಯರ್ ಕೈಗೆ ಬಂತು. ಅವರು ಎರಡು ಚಕ್ರದಿಂದ ಆರು ಚಕ್ರದವರೆಗೆ ಬೇರೆ ಬೇರೆ ಮಾದರಿ ಕಟ್ಟಿ ನೋಡಿದರು. ಹಿಮ, ಕೆಸರು, ಮರಳಲ್ಲಿ ಪುಟ್ಟ ಎಂಜಿನ್ನಿನ ಬಲಕ್ಕೆ ಚೆನ್ನಾಗಿ ಓಡಿದ್ದು ಮೂರು ಚಕ್ರದ್ದು. ಮಾಮೂಲಿ ಬೈಕಿನ ಟೈರು ಹಿಮದಲ್ಲಿ ಹೂತುಹೋಗುತ್ತಿತ್ತು. ಅಮೆರಿಕದಲ್ಲಿ ಆಂಫಿಕ್ಯಾಟ್ ಅಂತ ನೀರಲ್ಲೂ ನೆಲದಲ್ಲೂ ಓಡುವ ಆರು ಚಕ್ರದ ಗಾಡಿ ಇತ್ತು, ಅದಕ್ಕೆ ಬಲೂನಿನಂಥ, ತೀರಾ ಕಡಿಮೆ ಗಾಳಿಯ ಟೈರು. ಅದನ್ನು ನೋಡಿದ ಮೇಲೆ ದಾರಿ ಸಿಕ್ಕಿತು. 1970ರಲ್ಲಿ ಯುಎಸ್90 ಹೆಸರಲ್ಲಿ ಮಾರುಕಟ್ಟೆಗೆ ಬಂತು. 89 ಸಿಸಿ, 7 ಅಶ್ವಶಕ್ತಿ, ಬೆಲೆ 595 ಡಾಲರ್. ಆಮೇಲೆ ಅದೇ ಎಟಿಸಿ90 ಅಂತಾಯಿತು. 1971ರ ಜೇಮ್ಸ್ ಬಾಂಡ್ ಸಿನಿಮಾ 'ಡೈಮಂಡ್ಸ್ ಆರ್ ಫಾರೆವರ್'ನಲ್ಲಿ ಶಾನ್ ಕಾನರಿ ಓಡಿಸಿಕೊಂಡು ಹೋಗೋದು ಇದನ್ನೇ.

ಅದರಲ್ಲಿ ಸಸ್ಪೆನ್ಷನ್ ಅನ್ನೋದೇ ಇರಲಿಲ್ಲ. ಟೈರೇ ಸ್ಪ್ರಿಂಗು. ಹಿಂದಿನ ಎರಡು ಚಕ್ರಕ್ಕೆ ಒಂದೇ ಆಕ್ಸಲ್, ಡಿಫರೆನ್ಷಿಯಲ್ ಇಲ್ಲ. ಕೆಡುವುದಕ್ಕೆ ಭಾಗಗಳೇ ಕಡಿಮೆ ಅಂದಮೇಲೆ ಕೆಡೋದು ಹೇಗೆ? ರೈತರಿಗೆ, ಬೇಟೆಗೆ ಹೋಗುವವರಿಗೆ ಇದು ಹಿಡಿಸಿಬಿಟ್ಟಿತು. 1982ರಲ್ಲಿ ಎಟಿಸಿ200ಇ, ಅಂದರೆ ಮೊದಲ ಬಿಗ್ ರೆಡ್ ಬಂತು. ಸಾಮಾನು ಹೇರಲು ಹಿಂದೆ ಮುಂದೆ ಕ್ಯಾರಿಯರ್, ಬಟನ್ ಸ್ಟಾರ್ಟ್, ಕೆಸರು ಒಳಗೆ ಹೋಗದಂತೆ ಮುಚ್ಚಿದ ಬ್ರೇಕ್ ಡ್ರಮ್. ನಾವು ನೋಡಿದ 250ಯಲ್ಲಿ ಚೈನಿನ ಬದಲು ಶಾಫ್ಟು, ಜೊತೆಗೆ ರಿವರ್ಸ್ ಗೇರು.

ಬದಲಾಗದೆ ಉಳಿದದ್ದು ಆ ಗಟ್ಟಿ ಆಕ್ಸಲ್. ನಮ್ಮ ಆಟೋರಿಕ್ಷಾಕ್ಕೂ ಮೂರೇ ಚಕ್ರ, ಆದರೆ ಅದಕ್ಕೆ ಹಿಂದೆ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ತಿರುಗಿ, ಒಳಗಿನದು ಕಡಿಮೆ ತಿರುಗುತ್ತೆ. ಎಟಿಸಿಯಲ್ಲಿ ಎರಡೂ ಚಕ್ರ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗೋಕೇ ನೋಡುತ್ತೆ. ತಿರುಗಿಸಬೇಕಾದರೆ ಹೊರಗಿನ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಮೈಯನ್ನು ಒಳಗೆ ವಾಲಿಸಿ, ಒಳಗಿನ ಚಕ್ರವನ್ನು ಹಗುರ ಮಾಡಿಕೊಳ್ಳಬೇಕು. ಬೈಕ್ ಓಡಿಸಿ ಅಭ್ಯಾಸ ಇರುವವರು ಹೆದರಿದ ಕೂಡಲೇ ಮಾಡೋದು ಕಾಲು ಕೆಳಗಿಡೋದು. ಇಲ್ಲಿ ಕಾಲು ಇಟ್ಟರೆ ಹಿಂದಿನ ಚಕ್ರ ಅದೇ ಕಾಲಿನ ಮೇಲೆ ಹತ್ತುತ್ತೆ. ಇಳಿಜಾರಿನಲ್ಲಿ, ಮುಂದೆ ಒಂದೇ ಚಕ್ರ ಇರೋದರಿಂದ, ಪಲ್ಟಿ ಹೊಡೆಯೋದು ಇನ್ನೂ ಸುಲಭ.

ಎಂಬತ್ತರ ದಶಕದಲ್ಲಿ ಇವು ವರ್ಷಕ್ಕೆ ಲಕ್ಷಗಟ್ಟಲೆ ಮಾರಾಟವಾದವು. ಗಾಯ, ಸಾವು ಕೂಡ ಅದರ ಜೊತೆಗೇ ಏರಿದವು. ಅದರಲ್ಲಿ ಮಕ್ಕಳೂ ಬಹಳ. ಸುಜುಕಿ 1983ರ ಮಾಡೆಲ್ ಆಗಿ ಕ್ವಾಡ್‌ರನ್ನರ್ ಎಲ್‌ಟಿ125 ಎಂಬ ನಾಲ್ಕು ಚಕ್ರದ್ದನ್ನು ತಂದಿತ್ತು, 1984ರಲ್ಲಿ ಹೋಂಡಾ ಕೂಡ ನಾಲ್ಕು ಚಕ್ರಕ್ಕೆ ಕೈಹಾಕಿತು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮಾಡುತ್ತಿದ್ದ ಇದೇ ಮಿನ್ನೆಸೋಟದ ಪೊಲಾರಿಸ್ 1985ರಲ್ಲಿ ಬೆಲ್ಟಿನ ಆಟೋಮ್ಯಾಟಿಕ್ ಗೇರ್ ಹಾಕಿ ತನ್ನ ಎಟಿವಿ ಬಿಟ್ಟಿತು. ಆದರೂ ಮೂರು ಚಕ್ರ ತಾನಾಗಿ ಮಾರುಕಟ್ಟೆಯಿಂದ ಹೋಗಲಿಲ್ಲ. 1987ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಕೋರ್ಟಿಗೆ ಹೋಯಿತು. 1988ರ ಏಪ್ರಿಲಿನಲ್ಲಿ ಹೋಂಡಾ, ಯಮಹಾ, ಸುಜುಕಿ, ಕವಾಸಾಕಿ, ಪೊಲಾರಿಸ್ ಐದೂ ಕಂಪನಿಗಳ ಜೊತೆ ರಾಜಿ ಡಿಕ್ರಿ ಆಯಿತು. ಹತ್ತು ವರ್ಷದ ಅವಧಿ. ಹೊಸ ಮೂರು ಚಕ್ರದ ಗಾಡಿ ಮಾರಬಾರದು, ಕೊಂಡವರಿಗೆ ಓಡಿಸುವ ತರಬೇತಿ ಕೊಡಬೇಕು, 90 ಸಿಸಿಗಿಂತ ದೊಡ್ಡದನ್ನು 16 ವರ್ಷದ ಕೆಳಗಿನವರಿಗೆ ಅಂತ ಮಾರಬಾರದು. 2008ರಲ್ಲಿ ಬಂದ ಕಾನೂನು ಹೊಸ ಮೂರು ಚಕ್ರದ ಎಟಿವಿಗಳನ್ನು ಪೂರ್ತಿ ನಿಲ್ಲಿಸಿತು.

(ಅದೇ 2008ರ ಕಾನೂನಿನದು ಇನ್ನೊಂದು ತಮಾಷೆ. ಮಕ್ಕಳ ಸಾಮಾನಿನಲ್ಲಿ ಸೀಸ ಇರಬಾರದು ಅಂತ ಅದರಲ್ಲಿತ್ತು. ಮಕ್ಕಳ ಪುಟ್ಟ ಎಟಿವಿಯ ಟೈರಿನ ವಾಲ್ವು, ಬ್ಯಾಟರಿಯ ತುದಿ, ಇವುಗಳಲ್ಲಿ ಸೀಸ ಇದೆಯಲ್ಲ! 2009ರಲ್ಲಿ ಚಿಕ್ಕ ಗಾಡಿಗಳ ಮಾರಾಟವೇ ನಿಂತಿತು. ಚಿಕ್ಕದು ಸಿಗದಿದ್ದರೆ ಅಪ್ಪಂದಿರು ಮಕ್ಕಳನ್ನು ದೊಡ್ಡದರ ಮೇಲೆ ಕೂರಿಸುತ್ತಾರೆ ಅನ್ನೋದು ತಡವಾಗಿ ಹೊಳೆದು, 2011ರಲ್ಲಿ ವಿನಾಯಿತಿ ಕೊಟ್ಟರು. ಟೈರಿನ ವಾಲ್ವು ನೆಕ್ಕುವ ಮಗುವನ್ನು ನಾನಂತೂ ಕಂಡಿಲ್ಲ.)

ನನ್ನನ್ನು ಕಾಡೋದು ಆ ಡಿಕ್ರಿಯಲ್ಲಿ ಇಲ್ಲದ ಒಂದು ಸಾಲು. ಆಗಲೇ ಜನರ ಮನೆ ಸೇರಿದ್ದ ಗಾಡಿಗಳನ್ನು ವಾಪಸ್ ತಗೊಂಡು ದುಡ್ಡು ಹಿಂತಿರುಗಿಸಬೇಕು ಅನ್ನೋ ಬೇಡಿಕೆ ಇತ್ತು. ರಾಜಿಯಲ್ಲಿ ಅದು ಬಿದ್ದುಹೋಯಿತು. ಮಾಮೂಲಿ ಯಂತ್ರ ಆಗಿದ್ದರೆ ಹತ್ತು ವರ್ಷದಲ್ಲಿ ತುಕ್ಕು ಹಿಡಿದು ಗುಜರಿ ಸೇರಿರುತ್ತಿತ್ತು, ಸಮಸ್ಯೆ ತಾನೇ ಮುಗಿಯುತ್ತಿತ್ತು. ಆದರೆ ತಾಕೆಯುಚಿ ಮತ್ತವರ ಜೊತೆಗಾರರು ಕಟ್ಟಿದ್ದು ಹಾಳಾಗುವ ಯಂತ್ರವನ್ನಲ್ಲ. ಹಾಗಾಗಿ ನಲವತ್ತು ವರ್ಷ ಆದಮೇಲೂ ಅದು ಕೊಟ್ಟಿಗೆಯಲ್ಲಿ ನಿಂತು, ಬಂದ ಹುಡುಗರನ್ನು ಕರೆಯುತ್ತಿದೆ.

ಸರಿ, ಕೊಟ್ಟಿಗೆಗೆ ವಾಪಸ್ ಬರೋಣ. ಮೊದಲು ಎಂಜಿನ್ ಮೇಲೆ ಕೈ ಇಟ್ಟು ನೋಡಿದೆ. ಎರಡೂ ತಣ್ಣಗಿದ್ದವು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅಲ್ಲೇ ಅನುಮಾನ ಪಡಬೇಕು, ಚಳಿಯಲ್ಲಿ ಸ್ಟಾರ್ಟ್ ಆಗೋದೇ ನಿಜವಾದ ಪರೀಕ್ಷೆ. ಆಮೇಲೆ ಚಾಸಿಸ್ ನಂಬರು. ಹದಿನೇಳು ಅಕ್ಷರದ ಆ ನಂಬರಿನಲ್ಲಿ ಹತ್ತನೆಯದು ಮಾಡೆಲ್ ವರ್ಷ. ಕೆಂಪು ಗಾಡಿಯಲ್ಲಿ ಎಫ್, ಅಂದರೆ 1985. ಇನ್ನೊಂದರಲ್ಲಿ ಟಿ, ಅಂದರೆ 1996. ಎಷ್ಟು ಓಡಿದೆ ಅಂತ ಹೇಳುವ ಮೀಟರು ಎರಡರಲ್ಲೂ ಇಲ್ಲ. ಹೊಸ ಎಟಿವಿಗಳಲ್ಲಿ ಮೈಲಿ ಮೀಟರಿನ ಜೊತೆ ಗಂಟೆ ಮೀಟರೂ ಇರುತ್ತೆ, ಮೈಲಿಯನ್ನು ಗಂಟೆಯಿಂದ ಭಾಗಿಸಿದರೆ ಗಾಡಿಯ ಜಾತಕವೇ ಸಿಗುತ್ತೆ. ಗಂಟೆಗೆ ಮೂರು ಮೈಲಿ ಬಂದರೆ ಹಿಮ ತಳ್ಳಿ, ಹೊರೆ ಎಳೆದು ಸವೆದದ್ದು. ಹದಿನೈದು ಬಂದರೆ ಯಾರೋ ಹುಡುಗರು ಕಾಡಲ್ಲಿ ಹಾರಿಸಿದ್ದು. ಬರೀ ಮೈಲಿ ನೋಡಿದರೆ ಮೋಸ ಹೋಗ್ತೀವಿ, ಹಿಮ ತಳ್ಳಿದ ಗಾಡಿ ದೂರ ಹೋಗಿರೋಲ್ಲ, ಕ್ಲಚ್ಚು ಮಾತ್ರ ಮುಗಿದಿರುತ್ತೆ.

ಮೀಟರು ಇಲ್ಲದಿದ್ದಾಗ ನೋಡಬೇಕಾದ್ದು ಧೂಳನ್ನು. ಏರ್ ಫಿಲ್ಟರ್ ಡಬ್ಬಿ ತೆಗೆದು, ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬೆರಳು ಹಾಕಿ ಒರೆಸಿದೆ. ಅಲ್ಲಿ ನುಣ್ಣನೆ ಮಣ್ಣು ಸಿಕ್ಕಿದರೆ ವಾಪಸ್ ಮನೆಗೆ ಹೋಗಬಹುದು. ಆ ಮಣ್ಣು ಪಿಸ್ಟನ್ ರಿಂಗನ್ನು ಉಪ್ಪುಕಾಗದದಂತೆ ತಿಕ್ಕಿರುತ್ತೆ, ಒಂದು ಸೀಸನ್ ಸಾಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಕುಡಿದಿದೆ ಅಂತ ಅರ್ಥ. ಎರಡೂ ಗಾಡಿಯಲ್ಲಿ ಬೆರಳು ಶುಭ್ರ, ಆಯಿಲ್ ಶುಭ್ರ. ಯಜಮಾನರು ಫಿಲ್ಟರ್ ತೊಳೆದು ಎಣ್ಣೆ ಹಚ್ಚಿ ಇಡುವ ಪೈಕಿ.

ನಾಲ್ಕು ಚಕ್ರದ್ದರ ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಎಡಗಡೆ ಬಾಲ್ ಜಾಯಿಂಟ್ ಲೊಟಲೊಟ ಅಂತು. ಒಂದು ರಬ್ಬರ್ ಬೂಟು ಹರಿದು ಗ್ರೀಸ್ ಹೊರಗೆ ಬಂದಿತ್ತು. ಹಲಗೆ ಕಟ್ಟುವ ಜಾಗದಲ್ಲಿ ಫ್ರೇಮಿಗೆ ಬಿರುಕು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿದೆ, ಇರಲಿಲ್ಲ. ಕೆಂಪು ಗಾಡಿಯಲ್ಲಿ ಮಾತ್ರ ಹಾಳಾಗಿದ್ದು ಹುಡುಕಿದರೂ ಸಿಗಲಿಲ್ಲ. ಸೀಟಿನ ಒಂದು ಹೊಲಿಗೆ ಬಿಟ್ಟಿತ್ತು, ಅಷ್ಟೇ. ಯಾಂತ್ರಿಕವಾಗಿ ನೋಡಿದರೆ ಹನ್ನೊಂದು ವರ್ಷ ಹಳೆಯದಾದ ಗಾಡಿಯೇ ಗಟ್ಟಿ.

ಅಣ್ಣನಿಗೆ ಅದನ್ನು ಹಾಗೇ ಹೇಳಿದೆ. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ಇದು ಇನ್ನೂ ಇಪ್ಪತ್ತು ವರ್ಷ ಓಡುತ್ತೆ. ಅದೇ ತೊಂದರೆ. ನಿಮ್ಮ ಮಗ ಇದನ್ನ ಇವತ್ತು ಓಡಿಸ್ತಾನೆ, ನಾಳೆ ಅವನ ಫ್ರೆಂಡ್ಸ್ ಓಡಿಸ್ತಾರೆ. ಗಾಡಿ ಒಂದು ಸಲಾನೂ ಕೈಕೊಡೋಲ್ಲ, ಓಡಿಸೋನ ತಪ್ಪನ್ನ ಒಂದು ಸಲಾನೂ ಕ್ಷಮಿಸೋಲ್ಲ" ಅಂದೆ. ಆಮೇಲೆ ಡಿಕ್ರಿ ಕಥೆ, ಹದಿನಾರು ವರ್ಷದ ಕಥೆ ಎಲ್ಲ ಹೇಳಿದೆ. ನಾಲ್ಕು ಚಕ್ರದ್ದೂ 282 ಸಿಸಿ, ಅದನ್ನೂ ಹುಡುಗನ ಕೈಗೆ ಕೊಡೋ ಹಾಗಿಲ್ಲ ಅಂತಲೂ ಸೇರಿಸಿದೆ. ಹುಡುಗ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. "ಅಂಕಲ್ ಯಾಕೆ ಬಂದ್ರು?" ಅಂತ ಅಪ್ಪನನ್ನು ಕೇಳಿದ, ನನಗೆ ಕೇಳಿಸುವ ಹಾಗೇ.

ಅಣ್ಣ ಫೋರ್‌ಟ್ರ್ಯಾಕ್ಸ್ ತಗೊಂಡರು, ಬಾಲ್ ಜಾಯಿಂಟ್ ತೋರಿಸಿ ಸ್ವಲ್ಪ ಬೆಲೆ ಇಳಿಸಿಕೊಂಡರು. 1988ರಿಂದ 2000ದವರೆಗೆ ಹೆಚ್ಚು ಬದಲಾವಣೆ ಇಲ್ಲದೆ ಬಂದ ಮಾಡೆಲ್, ಬಿಡಿಭಾಗಕ್ಕೆ ತೊಂದರೆ ಇಲ್ಲ. ಟ್ರೇಲರಿಗೆ ಹತ್ತಿಸಿ ಕಟ್ಟುವ ಹೊತ್ತಿಗೆ ಕತ್ತಲಾಗುತ್ತಿತ್ತು. "ಇದನ್ನೂ ಬೇರೆ ಯಾರಿಗಾದರೂ ಮಾರ್ತೀರಾ?" ಅಂತ ಯಜಮಾನರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊಮ್ಮಕ್ಕಳು ಬಂದಾಗ ಇದರ ಕೀಲಿ ಜೇಬಲ್ಲಿಟ್ಟುಕೊಂಡೇ ಓಡಾಡ್ತೀನಿ ಅಂದರು.

ಆಮೇಲೆ ಕ್ಯಾರಿಯರ್ ಮೇಲೆ ಹುಲ್ಲಿನ ಕಟ್ಟು ಇಟ್ಟು, ಬಟನ್ ಒತ್ತಿದರು. ನಲವತ್ತು ವರ್ಷದ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಹೊಗೆ ಇಲ್ಲ. ಬೇಲಿಯ ಹತ್ತಿರ ಬಲಕ್ಕೆ ತಿರುಗುವಾಗ ಅವರ ಮೈ ತಾನಾಗಿ ಒಳಗೆ ವಾಲಿತು, ಭಾರ ಎಡಗಾಲಿಗೆ ಹೋಯಿತು. ಕಾಲು ಫುಟ್‌ರೆಸ್ಟ್ ಬಿಟ್ಟು ಅಲುಗಲಿಲ್ಲ. ಹುಡುಗ ಟ್ರೇಲರಿನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದ.