ಬರದ ಸೀಮೆಯಲ್ಲಿ ಉಕ್ಕುವ ಹಳ್ಳ

ರಾಯಚೂರು ಜಿಲ್ಲೆಯೆಂದರೆ ಬಿಸಿಲು ಮತ್ತು ಬರ ಎಂಬ ಭಾವನೆ ಕನ್ನಡಿಗರಲ್ಲಿ ಗಟ್ಟಿಯಾಗಿ ಬೇರೂರಿದೆ. ಅದಕ್ಕೆ ಆಧಾರವಿಲ್ಲದಿಲ್ಲ. 1791–92ರ ಡೋಗಿ ಬರ, 1876–78ರ ಧಾತು-ಈಶ್ವರ ಬರ ದಖ್ಖನ್ ಸೀಮೆಯನ್ನು ನುಂಗಿ ನೊಣೆದವು. ಆದರೆ ನೀರಿಲ್ಲದೆ ಕಂಗೆಟ್ಟ ಈ ನೆಲಕ್ಕೆ ನೀರಿನಿಂದಲೇ ಒದಗುವ ಇನ್ನೊಂದು ಗಂಡಾಂತರವಿದೆ. ಅದು ಚೈತ್ರ-ವೈಶಾಖದ ಒಂದು ಸಂಜೆ, ಅರ್ಧ ಗಂಟೆಯಲ್ಲಿ ಬಂದು ಹೋಗುವಂಥದು.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳು ಮರುಭೂಮಿಯಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಅರೆಶುಷ್ಕ ಪ್ರದೇಶ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಅದಕ್ಕೂ ಮೊದಲು ಬರುವ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ಪಾಲು ಸಣ್ಣದು. ಆದರೂ ರೈತ ಅವನ್ನು ಕಡೆಗಣಿಸಿಲ್ಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಗಳೇ ಇದಕ್ಕೆ ಸಾಕ್ಷಿ. ಈ ಹದ ಸಿಕ್ಕರೆ ನೇಗಿಲು ಹೂಡಬಹುದು, ಹರಗಬಹುದು.

ಈ ಮಳೆ ಹುಟ್ಟುವ ಬಗೆ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇಳುತ್ತದೆ. ಸಮುದ್ರದ ಕಡೆಯಿಂದ ಬಂದ ತೇವಾಂಶ ಅದರೊಂದಿಗೆ ಬೆರೆತರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ 12–15 ಕಿಲೋಮೀಟರ್ ಎತ್ತರದ ಗುಡುಗುಮೋಡ ನಿಲ್ಲುತ್ತದೆ. ಮೊದಲು ದೂಳೆಬ್ಬಿಸುವ ಬಿರುಗಾಳಿ, ಹಿಂದೆಯೇ ಸಿಡಿಲು, ಕೆಲವೊಮ್ಮೆ ಆಲಿಕಲ್ಲು. ಒಂದೂರಿನಲ್ಲಿ ಧಾರಾಕಾರವಾದರೆ ಪಕ್ಕದೂರಿನಲ್ಲಿ ಹನಿಯೂ ಇರುವುದಿಲ್ಲ. ಅಪಾಯದ ಗುಟ್ಟು ಇರುವುದು ಇಲ್ಲಿಯೇ. ತಲೆಯ ಮೇಲೆ ಆಕಾಶ ಬೆಳ್ಳಗಿರುವಾಗ ಮೇಲೆಲ್ಲೋ ಸುರಿದ ನೀರು ಹಳ್ಳದಲ್ಲಿ ಇಳಿದು ಬರುತ್ತದೆ.

ನೆಲವೂ ಇದಕ್ಕೆ ಕೈಗೂಡಿಸುತ್ತದೆ. ಸಿಂಧನೂರಿನ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿದು, ಮೊದಲ ನೀರನ್ನು ಗಟಗಟ ಕುಡಿಯುತ್ತದೆ. ತೋಯ್ದ ಮೇಲೆ ಊದಿಕೊಂಡು ಬಿರುಕು ಮುಚ್ಚಿದರೆ ನೀರು ಇಂಗುವುದು ಬಲು ನಿಧಾನ. ಲಿಂಗಸುಗೂರು-ಮಸ್ಕಿಯ ಕಲ್ಲುಗುಡ್ಡಗಳಲ್ಲಿಯಂತೂ ನೀರು ನಿಲ್ಲಲು ಎಡೆಯೇ ಇಲ್ಲ. ವರ್ಷದ ಹೆಚ್ಚು ದಿನ ಮರಳು ಹಾಸಿದ ದಾರಿಯಂತೆ ತೋರುವ ಹಳ್ಳ ಆಗ ಹೊಳೆಯಾಗುತ್ತದೆ.

ಮಸ್ಕಿಯ ಜನವಸತಿ ಇಂದು ನಿನ್ನೆಯದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆಶಾಸನ ‘ದೇವಾನಾಂಪ್ರಿಯ’ನೇ ಅಶೋಕನೆಂದು ಜಗತ್ತಿಗೆ ತಿಳಿಸಿತು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಹಂತಗಳು ಬೆಳಕಿಗೆ ಬಂದವು. ಅಷ್ಟು ಕಾಲ ಜನ ಇಲ್ಲಿ ನೆಲೆ ನಿಂತದ್ದಕ್ಕೆ ಹಳ್ಳವೂ ಒಂದು ಆಸರೆ ಎನ್ನಬೇಕು. ತುಂಗಭದ್ರೆಯನ್ನು ಸೇರುವ ಮಸ್ಕಿ ಹಳ್ಳ ನೀರು ಕೊಟ್ಟಿದೆ, ಹೆದರಿಕೆಯನ್ನೂ ಕೊಟ್ಟಿದೆ.

ಐವತ್ತರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಚಿತ್ರ ಬದಲಾಯಿತು. ಜೋಳ ಬೆಳೆಯುತ್ತಿದ್ದ ಸಿಂಧನೂರು ಭತ್ತದ ಕಣಜವಾಯಿತು. ಇದರಿಂದ ಬೇಸಿಗೆ ಮಳೆಯ ಅರ್ಥವೇ ತಿರುವುಮುರುವಾಯಿತು. ಒಣಬೇಸಾಯದವನಿಗೆ ವರವಾದ ಭರಣಿ ಮಳೆ, ಎರಡನೇ ಬೆಳೆಯ ಭತ್ತವನ್ನು ಗದ್ದೆಯಲ್ಲಿಯೋ ಕಣದಲ್ಲಿಯೋ ಇಟ್ಟುಕೊಂಡವನಿಗೆ ಶಾಪ. ತೆನೆ ನೆಲಕ್ಕೊರಗುತ್ತದೆ, ಒಣಹಾಕಿದ ಕಾಳು ಮೊಳಕೆಯೊಡೆಯುತ್ತದೆ. ಒಂದೇ ಮೋಡಕ್ಕೆ ಒಬ್ಬ ಕೈಮುಗಿದರೆ ಇನ್ನೊಬ್ಬ ತಾಡಪಾಲು ಹುಡುಕುತ್ತಾನೆ.

ಒಣನಾಡಿನ ಜನ ಹಳ್ಳವನ್ನು ಮರೆತರೆ ಏನಾಗುತ್ತದೆ? ಜೋರ್ಡಾನಿನ ಪೆಟ್ರಾ ನಗರದ ಉದಾಹರಣೆ ಕಣ್ಣು ತೆರೆಸುವಂಥದು. ಕಲ್ಲಿನ ಇಕ್ಕಟ್ಟು ಕಣಿವೆಯೊಳಗಿನ ಆ ಊರಿಗೆ ದಿಢೀರ್ ಪ್ರವಾಹ ನುಗ್ಗದಂತೆ ಸುಮಾರು 2,000 ವರ್ಷಗಳ ಹಿಂದೆಯೇ ನಬಾಟಿಯನ್ನರು ಒಡ್ಡು ಕಟ್ಟಿ, ಸುರಂಗ ಕೊರೆದು ನೀರನ್ನು ಬೇರೆಡೆ ತಿರುಗಿಸಿದ್ದರು. ಕಾಲಾಂತರದಲ್ಲಿ ಅದು ಹಾಳುಬಿತ್ತು. 1963ರ ಏಪ್ರಿಲ್‌ನಲ್ಲಿ ಹಠಾತ್ತನೆ ಬಂದ ನೀರಿಗೆ ಕಣಿವೆಯಲ್ಲಿದ್ದ 20ಕ್ಕೂ ಹೆಚ್ಚು ಪ್ರವಾಸಿಗಳು ಬಲಿಯಾದರು. ಒಡ್ಡನ್ನು ಮತ್ತೆ ಕಟ್ಟಿದ್ದು ಆಮೇಲೆ.

ನಮ್ಮಲ್ಲಿಯೂ ಪಾಠಗಳಿಗೆ ಕೊರತೆಯಿಲ್ಲ. ದೇಶವೇ ಮಳೆಯಿಲ್ಲದೆ ಬಳಲಿದ 2009ರಲ್ಲಿ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆ ರಾಯಚೂರನ್ನೂ ಒಳಗೊಂಡು ಉತ್ತರ ಕರ್ನಾಟಕವನ್ನು ಮುಳುಗಿಸಿತು. 2020ರ ಅಕ್ಟೋಬರ್‌ನಲ್ಲಿ ಮಸ್ಕಿ ಹಳ್ಳದ ನಡುವೆ ಸಿಲುಕಿದ್ದ ವ್ಯಕ್ತಿಯೊಬ್ಬ, ರಕ್ಷಣೆಯ ಯತ್ನ ನಡೆದಿರುವಾಗಲೇ ಕೊಚ್ಚಿಹೋದ. ಇವು ಬೇಸಿಗೆಯ ಘಟನೆಗಳಲ್ಲ, ನಿಜ. ಆದರೆ ಹಳ್ಳದ ಸ್ವಭಾವಕ್ಕೆ ಋತುಭೇದವಿಲ್ಲ.

ಕರ್ನಾಟಕ 1988ರಲ್ಲಿ ಸ್ಥಾಪಿಸಿದ ಸಂಸ್ಥೆ ಬರದ ಮೇಲೆ ನಿಗಾ ಇಡುವುದಕ್ಕಾಗಿತ್ತು. 2007ರಲ್ಲಿ ಅದು ಎಲ್ಲ ನೈಸರ್ಗಿಕ ವಿಕೋಪಗಳನ್ನೂ ನೋಡಿಕೊಳ್ಳುವ ಕೇಂದ್ರವಾಯಿತು. ಸಿಡಿಲಿನ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತದೆ. ಅದಿಲ್ಲದವರಿಗೂ ಸರಳ ಲೆಕ್ಕವುಂಟು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ; ಮರದಡಿ ನಿಲ್ಲದೆ ಗಟ್ಟಿ ಮನೆ ಸೇರಬೇಕು. ರಭಸದಿಂದ ಹರಿಯುವ ನೀರು ಅರ್ಧ ಅಡಿಯಿದ್ದರೂ ಆಳನ್ನು ಕೆಡವಬಲ್ಲದು. ಎರಡು ಅಡಿ ಕಾರನ್ನೇ ತೇಲಿಸಬಲ್ಲದು. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಒಂದು ಗಂಟೆ ಕಾಯುವುದೇ ಜಾಣತನ.

ಬರ ವರ್ಷಗಟ್ಟಲೆ ಕಾಡುವುದರಿಂದ ಅದು ನೆನಪಿನಲ್ಲಿ ಉಳಿಯುತ್ತದೆ. ಹಳ್ಳದ ನೀರು ಬೆಳಗಾಗುವುದರೊಳಗೆ ಇಳಿದುಹೋಗುತ್ತದೆ. ಅದರೊಂದಿಗೆ ಎಚ್ಚರವೂ ಇಳಿಯುತ್ತದೆ. ಒಣಗಿದ ಹಳ್ಳದಲ್ಲಿ ಗುಡಿಸಲು, ಅಂಗಡಿ, ಕಸದ ರಾಶಿ ತಲೆಯೆತ್ತುವುದು ಆಗಲೇ. ಹರಿಯುವ ದಾರಿಯನ್ನು ನೀರು ಮಾತ್ರ ಮರೆಯುವುದಿಲ್ಲ.