ಅರವತ್ತರ ಗಡಿ: ನಿವೃತ್ತರ ಮರುದುಡಿಮೆ ಮತ್ತು ಡಿಜಿಟಲ್ ಕೌಶಲ

ಕರ್ನಾಟಕದ ಸರ್ಕಾರಿ ನೌಕರರು ಸಾಮಾನ್ಯವಾಗಿ 60ನೇ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅನೇಕರಲ್ಲಿ ದುಡಿಯುವ ಕಸುವೂ ಮನಸ್ಸೂ ಆಗಲೂ ಉಳಿದಿರುತ್ತವೆ. ಇಂಥವರಿಗಾಗಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2021ರಲ್ಲಿ ‘ಸೇಕ್ರೆಡ್’ ಎಂಬ ಉದ್ಯೋಗ ಜಾಲತಾಣ ಆರಂಭಿಸಿತು; 60 ದಾಟಿದವರು ಅದರಲ್ಲಿ ಹೆಸರು ನೋಂದಾಯಿಸಬಹುದು. ಆದರೆ 2017ರಲ್ಲಿ ಮಂಜೂರಾದ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದ 20 ಗಂಟೆಗಳ ತರಬೇತಿ ಮನೆಗೊಬ್ಬರಿಗೆ, ಅದೂ 14ರಿಂದ 60 ವಯಸ್ಸಿನವರಿಗೆ ಮಾತ್ರ ಮೀಸಲಾಗಿತ್ತು. 2024ರ ಮಾರ್ಚ್‌ನಲ್ಲಿ ಆ ಅಭಿಯಾನವೂ ಮುಗಿಯಿತು. ಹೀಗೆ ಉದ್ಯೋಗದ ಅರ್ಹತೆ ಶುರುವಾಗುವ ವಯಸ್ಸಿನಲ್ಲೇ ಕಲಿಕೆಯ ಅರ್ಹತೆ ಕೊನೆಗೊಂಡಿತ್ತು. ಈ ವೈರುಧ್ಯದ ಬಿಸಿ ಹೆಚ್ಚು ತಟ್ಟುವುದು ಹಳ್ಳಿಯ ನಿವೃತ್ತರಿಗೆ ಎಂಬುದು ಪ್ರಸ್ತುತ ಲೇಖನದ ವಾದ.

ಬಳ್ಳಾರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ರೂಪನಗುಡಿಯಂಥ ಊರಿನಲ್ಲಿ ನಿವೃತ್ತ ಮೇಷ್ಟ್ರಿಗೋ ಗುಮಾಸ್ತರಿಗೋ ಒಗ್ಗುವ ಕೆಲಸಗಳಲ್ಲಿ ಬ್ಯಾಂಕ್ ಮಿತ್ರರದು, ಅಂದರೆ ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಸೇವೆ ನೀಡುವ ಪ್ರತಿನಿಧಿಗಳದು, ಮುಖ್ಯವಾದುದು. ಬ್ಯಾಂಕುಗಳು ಹಳ್ಳಿಗಳಲ್ಲಿ ಪ್ರತಿನಿಧಿಗಳ ಮೂಲಕ ಸೇವೆ ನೀಡಲು ರಿಸರ್ವ್ ಬ್ಯಾಂಕ್ 2006ರಲ್ಲಿ ಅನುಮತಿಸಿತು. 2008ರಲ್ಲಿ ನಿವೃತ್ತ ಬ್ಯಾಂಕ್ ನೌಕರರು, ನಿವೃತ್ತ ಸರ್ಕಾರಿ ನೌಕರರು ಹಾಗೂ ಮಾಜಿ ಸೈನಿಕರಿಗೂ ಈ ಅವಕಾಶ ಸಿಕ್ಕಿತು. ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿಯ ಕೂಲಿ, 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನೇರವಾಗಿ ಖಾತೆಗೆ ಜಮೆಯಾಗುತ್ತಿರುವಾಗ ಊರಲ್ಲೇ ಹಣ ಕೊಡುವವರ ಅಗತ್ಯ ಹೆಚ್ಚುತ್ತದೆ.

ಈ ಕೆಲಸ ಬೇಡುವ ಕೌಶಲವನ್ನು ಬಿಡಿಸಿ ನೋಡಬೇಕು. ಗ್ರಾಹಕರ ಆಧಾರ್ ಸಂಖ್ಯೆ ಒತ್ತಿ, ಬ್ಯಾಂಕ್ ಆರಿಸಿ, ಮೊತ್ತ ನಮೂದಿಸಿ, ಬೆರಳಚ್ಚು ಪಡೆಯುವುದು ನಾಲ್ಕೈದು ದಿನಗಳಲ್ಲಿ ರೂಢಿಯಾಗಬಲ್ಲದು. ಕಷ್ಟ ಇರುವುದು ವ್ಯವಹಾರ ಕೆಟ್ಟಾಗ. ಹೊಲದ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸದಿರಬಹುದು. ಖಾತೆಯಿಂದ ಹಣ ಕಡಿತವಾಗಿ ಕೈಗೆ ಬಾರದಿರಬಹುದು. ಆಗ ರಸೀದಿ ಓದಿ, ವ್ಯವಹಾರದ ಸಂಖ್ಯೆ ಬರೆದುಕೊಂಡು, ದೂರು ದಾಖಲಿಸಿ, ಎದುರಿಗಿರುವ ಅಜ್ಜಿಗೆ ಅರ್ಥವಾಗುವಂತೆ ಹೇಳಬೇಕು. ದಾಖಲೆ ಓದುವ ಶಿಸ್ತು, ತಿಳಿಹೇಳುವ ತಾಳ್ಮೆ, ಊರಿನವರ ನಂಬಿಕೆ ನಿವೃತ್ತರಿಗೆ ಸೇವಾವಧಿಯಲ್ಲೇ ದಕ್ಕಿರುತ್ತವೆ. ಕೊರತೆ ಇರುವುದು ಯಂತ್ರದ ಬಳಕೆಯಲ್ಲಿ ಮಾತ್ರ.

ಆದ್ದರಿಂದ ಹಿರಿಯರಿಗೆ ಕಂಪ್ಯೂಟರಿನ ಭಾಗಗಳಿಂದ ಪಾಠ ಆರಂಭಿಸುವ ಬದಲು ಒಂದು ನಿರ್ದಿಷ್ಟ ಕೆಲಸವನ್ನು ಕೈಹಿಡಿದು ಕಲಿಸುವುದು ಮೇಲು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಇದಕ್ಕೆ ತಕ್ಕ ಜಾಗ. ನಿವೃತ್ತಿಗೆ ಮುನ್ನವೇ, ಸೇವೆಯ ಕೊನೆಯ ವರ್ಷದಲ್ಲಿ ಇಲಾಖೆಗಳೂ ಈ ಹೊಣೆ ಹೊರಬೇಕು. ಈ ಕೆಲಸ ನಿವೃತ್ತರಿಗೆ ಒಗ್ಗಲು ಇನ್ನೊಂದು ಕಾರಣವೂ ಇದೆ: ಬ್ಯಾಂಕ್ ಮಿತ್ರರ ಆದಾಯ ಬಹುಮಟ್ಟಿಗೆ ಕಮಿಷನ್ ಆಧಾರಿತ. ಪಿಂಚಣಿಯ ಆಸರೆ ಇದ್ದವರು ಅದರ ಏರಿಳಿತ ತಾಳಿಕೊಳ್ಳಬಲ್ಲರು. ಮುಂದಿನ ಯಾವುದೇ ಡಿಜಿಟಲ್ ಸಾಕ್ಷರತಾ ಯೋಜನೆ ವಯಸ್ಸಿನ ಮೇಲ್ಮಿತಿಯನ್ನು ಕೈಬಿಡಲೇಬೇಕು.